ಹೇನು ಹಾರುವುದಿಲ್ಲ: ಐದನೆಯ ತರಗತಿಯ ಒಂದು ಆರೋಗ್ಯ ಪಾಠದ ಅಧ್ಯಯನ

ಅಭ್ಯಾಸ ಬೋಧನೆಗೆ ಹೋದ ಪ್ರಶಿಕ್ಷಣಾರ್ಥಿಗಳ ಪಾಲಿಗೆ ಒಮ್ಮೆಯಾದರೂ ಬರುವ ಘಟಕ ‘ವೈಯಕ್ತಿಕ ಸ್ವಚ್ಛತೆ’. ಸುಲಭದ ಘಟಕವೆಂದು ಇದನ್ನು ಮೊದಲ ವಾರದಲ್ಲೇ ಮುಗಿಸಿಬಿಡುವುದು ವಾಡಿಕೆ. ಹಲ್ಲುಜ್ಜುವುದು, ಉಗುರು ಕತ್ತರಿಸುವುದು, ಸ್ನಾನ, ಒಗೆದ ಬಟ್ಟೆ. ಒಂದು ಚಾರ್ಟು, ನಾಲ್ಕು ಪ್ರಶ್ನೆ, ಕಪ್ಪುಹಲಗೆಯ ಸಾರಾಂಶ. ಈ ಸಾಲಿನ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ವಾಕ್ಯ ಇರುತ್ತದೆ: ‘ತಲೆ ಕೊಳೆಯಾಗಿದ್ದರೆ ಹೇನಾಗುತ್ತದೆ.’ ನಮ್ಮ ಕಾಲೇಜಿನ ಹಳೆಯ ಪಾಠ ಯೋಜನೆಗಳ ಕಡತ ತಿರುವಿದಾಗ ಇದೇ ವಾಕ್ಯ ಬೇರೆ ಬೇರೆ ಕೈಬರಹಗಳಲ್ಲಿ ಮತ್ತೆ ಮತ್ತೆ ಸಿಕ್ಕಿತು. ಈ ಲೇಖನ ಆ ಒಂದು ವಾಕ್ಯವನ್ನು ಕುರಿತದ್ದು.

ವಾಕ್ಯ ತಪ್ಪು. ಹೇನಿನ ಆಹಾರ ರಕ್ತ, ಕೊಳೆಯಲ್ಲ. ದಿನವೂ ಸೀಗೆಪುಡಿ ಹಾಕಿ ತೊಳೆದ ತಲೆಯೂ ವಾರಗಟ್ಟಲೆ ನೀರು ಕಾಣದ ತಲೆಯೂ ಅದಕ್ಕೆ ಒಂದೇ. ಒಬ್ಬರ ಕೂದಲು ಇನ್ನೊಬ್ಬರ ಕೂದಲಿಗೆ ತಾಗಿದಾಗ ಅದು ಅಲ್ಲಿಂದ ಇಲ್ಲಿಗೆ ನಡೆದು ಬರುತ್ತದೆ, ಅಷ್ಟೆ. ತಪ್ಪು ವಾಕ್ಯ ಬೋಧಿಸಿದರೆ ಒಂದು ಅಂಕ ಹೋಯಿತು ಎಂದು ಸುಮ್ಮನಿರುವ ವಿಷಯವೂ ಇದಲ್ಲ. ‘ಕೊಳಕರಿಗೆ ಹೇನು’ ಎಂದು ಶಾಲೆಯಲ್ಲಿ ಕಲಿತ ಮಗು ತನ್ನ ತಲೆ ತುರಿಸಿದಾಗ ಯಾರಿಗೂ ಹೇಳುವುದಿಲ್ಲ. ಮನೆಯವರೂ ಪಕ್ಕದ ಮನೆಗೆ ಹೇಳುವುದಿಲ್ಲ. ಮುಚ್ಚಿಟ್ಟ ಮನೆಯಲ್ಲಿ ಹೇನು ನಿಶ್ಚಿಂತೆಯಾಗಿ ಸಂಸಾರ ಮಾಡುತ್ತದೆ.

ಪಾಠದ ಸಂದರ್ಭ

ನನಗೆ ಹಂಚಿಕೆಯಾಗಿದ್ದುದು ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಐದನೆಯ ತರಗತಿ, ಪರಿಸರ ಅಧ್ಯಯನ. ಘಟಕ ಮುಂದಿನ ವಾರಕ್ಕೆ ಇತ್ತು. ಅಷ್ಟರಲ್ಲಿ ಒಂದು ಮಂಗಳವಾರ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಒಬ್ಬ ತಾಯಿ ಬಂದು ನನ್ನನ್ನೂ ಮಾರ್ಗದರ್ಶಕ ಶಿಕ್ಷಕಿಯನ್ನೂ ಪಕ್ಕಕ್ಕೆ ಕರೆದರು. ಶನಿವಾರ ಅಕ್ಕನ ಮನೆಯ ಗೃಹಪ್ರವೇಶ. ರಾತ್ರಿ ಹಜಾರದಲ್ಲಿ ಜಮಖಾನ ಹಾಸಿ ಮಕ್ಕಳೆಲ್ಲ ಸಾಲಾಗಿ ಮಲಗಿದ್ದಾರೆ. ಸೋಮವಾರ ಅಕ್ಕನ ಫೋನು: ‘ನನ್ನ ಮಗಳ ತಲೇಲಿ ಹೇನು ಕಂಡವು, ನಿಮ್ಮ ಹುಡುಗೀದೂ ನೋಡ್ಕೊ.’

ಮನೆಯಲ್ಲಿ ಎಂಟು ಜನ. ಅಜ್ಜಿ, ಅಪ್ಪ, ಅಮ್ಮ, ನಮ್ಮ ವಿದ್ಯಾರ್ಥಿನಿ, ಅವಳ ತಮ್ಮ, ಚಿಕ್ಕಪ್ಪ, ಚಿಕ್ಕಮ್ಮ, ಅವರ ಒಂದು ವರ್ಷದ ಕೂಸು. ಫೋನು ಬಂದ ರಾತ್ರಿಯೇ ತೀರ್ಪುಗಳು ಹೊರಟಿದ್ದವು. ಅಪ್ಪ, ‘ನಾಳೆ ತಲೆ ಬೋಳಿಸಿ ಬಿಸಾಕೋಣ’ ಎಂದರಂತೆ. ಪಕ್ಕದ ಮನೆಯವರು ಸೀಮೆಎಣ್ಣೆ ಹಚ್ಚಿ ಬಟ್ಟೆ ಕಟ್ಟಿ ಎಂದರಂತೆ. ಚಿಕ್ಕಮ್ಮ ಕೂಸನ್ನು ಎತ್ತಿಕೊಂಡು ಬೇರೆ ಕೋಣೆ ಸೇರಿದ್ದರು. ‘ಅಕ್ಕನ ಮನೆಯವರು ಹಿಂಗೆ ಮಾಡಿದ್ರಲ್ಲ ಮೇಡಂ’ ಎನ್ನುವಾಗ ತಾಯಿಯ ಧ್ವನಿ ನಡುಗುತ್ತಿತ್ತು. ಹುಡುಗಿ ಮಾತ್ರ ಎರಡು ಪ್ರಶ್ನೆ ಕೇಳಿದಳು. ‘ಮಿಸ್, ನಾನು ಇವತ್ತು ಕ್ಲಾಸಿಗೆ ಬರ್ಬೋದಾ? ನನ್ನ ತಲೆ ಬೋಳಿಸ್ಲೇಬೇಕಾ?’ ಒಬ್ಬರೂ ಆ ತನಕ ಅವಳ ತಲೆಯನ್ನು ಬಿಡಿಸಿ ನೋಡಿರಲಿಲ್ಲ.

ಅವಳ ಮೊದಲ ಪ್ರಶ್ನೆಗೆ ಅಲ್ಲೇ ಉತ್ತರ ಕೊಟ್ಟೆವು. ಬರಬಹುದು. ಹೇನು ಇದ್ದರೂ ಆ ದಿನದ ಪಾಠ ತಪ್ಪಿಸಿ ಮನೆಗೆ ಕಳಿಸಬೇಕಾಗಿಲ್ಲ. ಸಂಜೆ ಮನೆಗೆ ಹೋಗಿ ಚಿಕಿತ್ಸೆ ಶುರು ಮಾಡಿದರೆ ಸಾಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆಯೂ ಇದೇ: ಹೇನು, ಸೀರು ಇವೆ ಎಂಬ ಕಾರಣಕ್ಕೆ ಆರೋಗ್ಯವಾಗಿರುವ ಮಗುವನ್ನು ಶಾಲೆಯಿಂದ ಹೊರಗಿಡಬಾರದು. ಎರಡನೆಯ ಪ್ರಶ್ನೆಗಾಗಿ ನಾನು ಘಟಕವನ್ನು ಮರುದಿನಕ್ಕೇ ತಂದುಕೊಂಡೆ.

ವಿಷಯ ವಿಶ್ಲೇಷಣೆ

ಈ ಪಾಠದಲ್ಲಿ ವಿಧಾನಕ್ಕಿಂತ ವಿಷಯವೇ ಭಾರ. ಶಿಕ್ಷಕರಿಗೆ ಕೆಳಗಿನಷ್ಟಾದರೂ ಗೊತ್ತಿರಬೇಕು.

ಬೆಳೆದ ಹೇನು 2ರಿಂದ 3 ಮಿ.ಮೀ., ಒಂದು ಎಳ್ಳುಕಾಳಿನಷ್ಟು. ಆರು ಕಾಲು, ಪ್ರತಿ ಕಾಲಿನ ತುದಿಗೆ ಕೂದಲನ್ನು ಹಿಡಿಯುವ ಕೊಕ್ಕೆ. ರೆಕ್ಕೆ ಇಲ್ಲ. ಮಿಡತೆಗೂ ಚಿಗಟಕ್ಕೂ ಇರುವಂಥ ನೆಗೆಯುವ ಹಿಂಗಾಲೂ ಇಲ್ಲ. ಹೆಣ್ಣು ಹೇನು ತಲೆಯ ಚರ್ಮಕ್ಕೆ ಹತ್ತಿರ, ಬೆಚ್ಚಗಿರುವ ಜಾಗದಲ್ಲಿ, ಕೂದಲಿಗೆ ಅಂಟಿಸಿ ದಿನಕ್ಕೆ ಆರೆಂಟು ಮೊಟ್ಟೆ ಇಡಬಲ್ಲದು. ಅದೇ ಸೀರು. ಮೊಟ್ಟೆ ಒಡೆಯಲು ಸುಮಾರು 8-9 ದಿನ. ಮರಿ ಮೂರು ಸಲ ಪೊರೆ ಬಿಟ್ಟು ದೊಡ್ಡದಾಗಲು ಇನ್ನೂ 9ರಿಂದ 12 ದಿನ. ತಲೆಯ ಮೇಲೆ ಅದರ ಆಯುಸ್ಸು ಸುಮಾರು ಒಂದು ತಿಂಗಳು. ತಲೆಯಿಂದ ಬಿದ್ದ ಹೇನು ರಕ್ತ ಸಿಗದೆ ಒಂದೆರಡು ದಿನದೊಳಗೆ ಸಾಯುತ್ತದೆ.

ತುರಿಕೆಯ ವಿಚಾರ ಮನೆಯವರನ್ನು ಹೆಚ್ಚು ದಾರಿ ತಪ್ಪಿಸುತ್ತದೆ. ತುರಿಕೆ ಬರುವುದು ಹೇನಿನ ಜೊಲ್ಲಿಗೆ ಚರ್ಮ ತೋರಿಸುವ ಅಲರ್ಜಿಯಿಂದ. ಮೊದಲ ಸಲ ಹೇನಾದವರಿಗೆ ಅದು ಶುರುವಾಗಲು ನಾಲ್ಕರಿಂದ ಆರು ವಾರವೂ ಹಿಡಿಯಬಹುದು. ಆದ್ದರಿಂದ ‘ನನಗೇನೂ ತುರಿಸ್ತಿಲ್ಲ’ ಎಂಬುದು ಹೇನಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಹೇನಿನ ಮಾತು ಕೇಳಿದೊಡನೆ ಎಲ್ಲರಿಗೂ ತಲೆ ತುರಿಸಲು ಶುರುವಾಗುತ್ತದಲ್ಲ, ಅದೂ ಸಾಕ್ಷಿಯಲ್ಲ. (ಇದನ್ನು ಓದುವವರ ಕೈ ಈಗ ಎಲ್ಲಿದೆ?)

ಇನ್ನೊಂದು ಸಂಗತಿ ಮುಂದೆ ಉಪಯೋಗಕ್ಕೆ ಬಂತು. ಸೀರು ಕೂದಲಿನ ಮೇಲೆ ಸರಿಯುವುದಿಲ್ಲ. ಕೂದಲು ಬೆಳೆದಂತೆ ಅದರೊಡನೆ ಚರ್ಮದಿಂದ ದೂರ ಹೋಗುತ್ತದೆ. ಕೂದಲು ತಿಂಗಳಿಗೆ ಸರಿಸುಮಾರು 1 ಸೆಂ.ಮೀ. ಬೆಳೆಯುತ್ತದೆ. ಚರ್ಮದಿಂದ 6 ಮಿ.ಮೀ.ಗಿಂತ ದೂರದಲ್ಲಿರುವ ಸೀರು ಸಾಮಾನ್ಯವಾಗಿ ಒಡೆದು ಖಾಲಿಯಾದದ್ದು ಅಥವಾ ಸತ್ತದ್ದು. ಬರೀ ಅಂಥ ಸೀರು ಕಂಡು ಜೀವಂತ ಹೇನು ಕಾಣದಿದ್ದರೆ ಮದ್ದು ಬೇಕಿಲ್ಲ.

ತಲೆಹೇನು ರೋಗ ಹರಡುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಟೈಫಸ್ ಜ್ವರ ಹರಡುವುದು ಬಟ್ಟೆಯಲ್ಲಿ ವಾಸಿಸುವ ಕೂರೆ. ಇವೆರಡನ್ನು ಬೆರೆಸಿದರೆ ಮನೆಯವರ ಭಯ ಇಮ್ಮಡಿಯಾಗುತ್ತದೆ.

ತರಗತಿಯಲ್ಲಿ

ಪ್ರೇರಣೆಗೆ ಪಂಚತಂತ್ರದ ಮಂದವಿಸರ್ಪಿಣಿಯ ಕಥೆ ಹೇಳೋಣವೆಂದು ಸಹಪಾಠಿಯೊಬ್ಬರು ಸೂಚಿಸಿದ್ದರು. ರಾಜನ ಹಾಸಿಗೆಯಲ್ಲಿ ನೆಮ್ಮದಿಯಾಗಿದ್ದ ಹೇನು, ಅತಿಥಿಯಾಗಿ ಬಂದ ಅವಸರದ ತಿಗಣೆಯ ದೆಸೆಯಿಂದ ಸಾಯುವ ಕಥೆ. ಕಥೆ ಚೆನ್ನಾಗಿದೆ, ಮಕ್ಕಳಿಗೂ ಹಿಡಿಸುತ್ತದೆ. ಆದರೆ ಅದರಲ್ಲಿ ಹೇನಿನ ಮನೆ ಹಾಸಿಗೆ. ತಲೆಹೇನು ಹಾಸಿಗೆಯಲ್ಲಿ ಸಂಸಾರ ಹೂಡುತ್ತದೆ ಎಂಬ ನಂಬಿಕೆಯನ್ನು ತೆಗೆಯುವುದೇ ನನ್ನ ಉದ್ದೇಶವಾಗಿದ್ದರಿಂದ ಕಥೆಯನ್ನು ಭಾಷಾ ಪಾಠಕ್ಕೆ ಬಿಟ್ಟುಕೊಟ್ಟೆ.

ಬದಲಿಗೆ ಒಂದು ಚಿತ್ರ ತೋರಿಸಿದೆ. 1665ರಲ್ಲಿ ಪ್ರಕಟವಾದ ರಾಬರ್ಟ್ ಹುಕ್‌ನ ‘ಮೈಕ್ರೋಗ್ರಾಫಿಯಾ’ದಲ್ಲಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದ ಹೇನಿನ ದೊಡ್ಡ ಚಿತ್ರವಿದೆ; ಅದು ಮನುಷ್ಯನ ಒಂದು ಕೂದಲನ್ನು ಹಿಡಿದುಕೊಂಡಿದೆ. ಹೆಸರು ಹೇಳದೆ ‘ಇದು ಯಾವ ಪ್ರಾಣಿ?’ ಎಂದು ಕೇಳಿದೆ. ಏಡಿ, ಚೇಳು, ಡೈನೋಸಾರು ಎಲ್ಲವೂ ಬಂದವು. ಹೇನು ಎಂದಾಗ ಒಂದು ಕ್ಷಣ ನಿಶ್ಶಬ್ದ, ಆಮೇಲೆ ನಗು. ‘ಹೇನು ಹಾರುತ್ತದೆ ಎನ್ನುವವರು ಕೈ ಎತ್ತಿ’ ಎಂದೆ. ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲೆದ್ದವು. ಉತ್ತರ ಹೇಳದೆ ಚಿತ್ರದಲ್ಲಿ ರೆಕ್ಕೆ ಹುಡುಕಲು ಬಿಟ್ಟೆ. ಪಕ್ಕದಲ್ಲಿ ಮಿಡತೆಯ ಚಿತ್ರವಿಟ್ಟು ಹಿಂಗಾಲು ಹೋಲಿಸಲು ಹೇಳಿದೆ. ತೋರುಬೆರಳನ್ನು ಕೊಕ್ಕೆ ಮಾಡಿ ಪೆನ್ಸಿಲು ಹಿಡಿದು ನೋಡಿ ಎಂದೆ. ‘ಇದು ಹಿಡ್ಕೊಳ್ಳೋ ಕಾಲು ಮಿಸ್, ಹಾರೋ ಕಾಲಲ್ಲ’ ಎಂದ ಒಬ್ಬ ಹುಡುಗ. ಕಪ್ಪುಹಲಗೆಯ ಮೇಲೆ ಅವನ ವಾಕ್ಯವನ್ನೇ ಬರೆದೆ.

ಹುಡುಗ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ. ಹೇನು ಹೆಣ್ಣುಮಕ್ಕಳ ವಿಷಯವೆಂದು ಗಂಡುಮಕ್ಕಳು ಹಿಂದಿನ ಬೆಂಚಿನಲ್ಲಿ ಮುಸಿಮುಸಿ ನಗುತ್ತ ಕೂರುವ ಅಪಾಯ ಈ ಪಾಠಕ್ಕೆ ಇದೆ. ಅದಕ್ಕೆ ಇಸ್ರೇಲಿನ ಲಾಕೀಶ್‌ನಲ್ಲಿ ಸಿಕ್ಕ ದಂತದ ಬಾಚಣಿಗೆಯ ಸಂಗತಿ ಹೇಳಿದೆ. ಸುಮಾರು 3700 ವರ್ಷ ಹಿಂದಿನದೆಂದು ಅಂದಾಜಿಸಿರುವ ಆ ಬಾಚಣಿಗೆಯ ಮೇಲೆ, ಕೂದಲಿನ ಮತ್ತು ಗಡ್ಡದ ಹೇನನ್ನು ಈ ದಂತ ತೆಗೆಯಲಿ ಎಂಬ ಅರ್ಥದ ಬರಹವಿದೆ. ಕಾನಾನ್ ಅಕ್ಷರಮಾಲೆಯಲ್ಲಿ ಸಿಕ್ಕಿರುವ ಅತಿ ಹಳೆಯ ಪೂರ್ಣ ವಾಕ್ಯ ಅದು. ‘ಗಡ್ಡದಲ್ಲೂನಾ!’ ಎಂದು ಹಿಂದಿನ ಬೆಂಚು ಎದ್ದು ಕೂತಿತು.

ಪಾಠದ ಮುಖ್ಯ ಚಟುವಟಿಕೆಗೆ ಉಪಕರಣ ಬಹಳ ಅಗ್ಗ. ಕಪ್ಪು ಉಲ್ಲನ್ ದಾರದ ಎಳೆಗಳಿಗೆ ಹಿಂದಿನ ರಾತ್ರಿ ಗೋಂದಿನಿಂದ ಗಸಗಸೆ ಕಾಳು ಅಂಟಿಸಿದ್ದೆ. ಬೇರೆ ಎಳೆಗಳ ಮೇಲೆ ತರಗತಿಯಲ್ಲೇ ಅಕ್ಕಿಹಿಟ್ಟು ಉದುರಿಸಿದೆ. ದೂರದಿಂದ ಎರಡೂ ಬಿಳಿ ಚುಕ್ಕಿ. ಎರಡು ಬೆರಳಲ್ಲಿ ದಾರ ಹಿಡಿದು ಎಳೆದರೆ ಹಿಟ್ಟು ಉದುರುತ್ತದೆ, ಗಸಗಸೆ ಉಳಿಯುತ್ತದೆ. ಹೊಟ್ಟಿಗೂ ಸೀರಿಗೂ ಇರುವ ವ್ಯತ್ಯಾಸ ಇಷ್ಟೇ. ಯಾವ ಮಗುವಿನ ತಲೆಯನ್ನೂ ಮುಟ್ಟದೆ ಎಲ್ಲರ ಬೆರಳಿಗೂ ಪರೀಕ್ಷೆ ಮಾಡುವುದು ಬಂತು.

ನಂತರ ಲೆಕ್ಕ. ‘1ನೆಯ ತಾರೀಕು ಇಟ್ಟ ಮೊಟ್ಟೆ ಯಾವಾಗ ಒಡೆಯುತ್ತದೆ? ಮದ್ದು ಹೇನನ್ನು ಕೊಂದು ಮೊಟ್ಟೆಯನ್ನು ಬಿಟ್ಟರೆ ಎರಡನೆಯ ಸಲ ಯಾವಾಗ ಹಚ್ಚಬೇಕು?’ ಮಕ್ಕಳು ಕ್ಯಾಲೆಂಡರಿನ ಮೇಲೆ ಗುರುತು ಹಾಕಿ, ಮರಿ ಹೊರಬಂದ ಮೇಲೆ, ಆದರೆ ಅದು ಮೊಟ್ಟೆ ಇಡುವಷ್ಟು ದೊಡ್ಡದಾಗುವ ಮೊದಲು, ಎಂಬಲ್ಲಿಗೆ ತಾವೇ ಬಂದರು. ಮದ್ದಿನ ಪೆಟ್ಟಿಗೆಯ ಮೇಲೆ ಒಂದು ವಾರ ಬಿಟ್ಟು ಮತ್ತೆ ಹಚ್ಚಿ ಎಂದು ಯಾಕೆ ಬರೆದಿರುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ.

ಮನೆಗೆ ಹೋದ ಹಾಳೆ

ಪಾಠದ ವಿಸ್ತರಣೆಯಾಗಿ ಒಂದು ಹಾಳೆ ಎಲ್ಲ ಮಕ್ಕಳ ಕೈಯಲ್ಲೂ ಮನೆಗೆ ಹೋಯಿತು, ಆ ಹುಡುಗಿಯ ಕೈಯಲ್ಲಿ ಮಾತ್ರವಲ್ಲ. ಹಾಳೆಯಲ್ಲಿ ಹೆಸರು ಬರೆಯುವ ಜಾಗ ಇರಲಿಲ್ಲ, ವಾಪಸು ತರಬೇಕೆಂಬ ನಿಯಮವೂ ಇರಲಿಲ್ಲ.

ಅದರ ಮೊದಲ ಸಾಲು: ಮದ್ದಿಗೆ ಮೊದಲು ನೋಡಿ. ಹೇನಿದ್ದವರ ಜೊತೆ ಮಲಗಿದ್ದೇವೆ ಎಂದರೆ ಹೇನಾಗಿದೆ ಎಂದಲ್ಲ, ಆಗಿರಬಹುದು ಎಂದು. ಮನೆಯ ಎಲ್ಲರ ತಲೆಯನ್ನೂ, ಗಂಡಸರನ್ನೂ ಸೇರಿಸಿ, ಹಗಲು ಬೆಳಕಿನಲ್ಲಿ ಜಗಲಿಯ ಮೇಲೆ ಕೂರಿಸಿ ನೋಡಬೇಕು. ಕೂದಲು ಒದ್ದೆ ಮಾಡಿ ಅಥವಾ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಹೆಗಲಿಗೆ ಬಿಳಿ ಬಟ್ಟೆ ಹಾಕಿ, ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ (ಅಜ್ಜಿಯರ ಬಾಯಲ್ಲಿ ಸೀರಣಿಗೆ) ಬುಡದಿಂದ ತುದಿಯವರೆಗೆ ಬಾಚಿ ಪ್ರತಿ ಸಲ ಬಟ್ಟೆಗೆ ಒರೆಸಬೇಕು. ಕಿವಿಯ ಹಿಂದೆ, ಕತ್ತಿನ ಮೇಲ್ಭಾಗದಲ್ಲಿ ನಿಧಾನಿಸಬೇಕು. ಏನೂ ಕಾಣದಿದ್ದರೆ ಎರಡು ಮೂರು ದಿನಕ್ಕೊಮ್ಮೆ ಎರಡು ಮೂರು ವಾರ ಹೀಗೇ ನೋಡುತ್ತಿರಬೇಕು. ಲೆಕ್ಕ ಹಾಕಿದ ಮಕ್ಕಳಿಗೆ ಅದು ಯಾಕೆಂದು ಗೊತ್ತು.

ಜೀವಂತ ಹೇನು ಕಂಡವರಿಗೆ ಮಾತ್ರ ಮದ್ದು. ಒಂದೇ ಹಾಸಿಗೆಯಲ್ಲಿ ಮಲಗುವವರಿಗೂ ಬೇಕೇ ಎಂಬುದನ್ನು ವೈದ್ಯರಲ್ಲಿ ಕೇಳಬೇಕು. ಶೇಕಡಾ 1ರ ಪರ್ಮೆಥ್ರಿನ್ ಲೋಶನ್ನು ಸಾಮಾನ್ಯವಾಗಿ ಬಳಸುವಂಥದು; ತೊಳೆದು ಒರೆಸಿದ ಕೂದಲಿಗೆ ಹಚ್ಚಿ 10 ನಿಮಿಷ ಬಿಟ್ಟು ತೊಳೆಯುವುದು, ಸುಮಾರು 9ನೆಯ ದಿನ ಮತ್ತೊಮ್ಮೆ. ಎಳೆಗೂಸುಗಳಿಗೆ ವೈದ್ಯರನ್ನು ಕೇಳದೆ ಯಾವ ಮದ್ದೂ ಬೇಡ, ಬಾಚಿ ತೆಗೆಯುವುದೇ ಸರಿ. ಕಳೆದ ಎರಡು ದಿನ ಬಳಸಿದ ದಿಂಬಿನ ಚೀಲ, ಹೊದಿಕೆ, ಟವೆಲುಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದರೆ ಸಾಕು. ಬಾಚಣಿಗೆಗಳನ್ನು ಚೆನ್ನಾಗಿ ಕಾದ ನೀರಿನಲ್ಲಿ ಹತ್ತು ನಿಮಿಷ ಇಡುವುದು. ಮನೆಗೆಲ್ಲ ಕೀಟನಾಶಕ ಸಿಂಪಡಿಸುವುದು ವ್ಯರ್ಥ, ಅಪಾಯ ಕೂಡ.

ಮಾಡಬಾರದ್ದರ ಬಗ್ಗೆ ಹಾಳೆಯಲ್ಲಿ ದಪ್ಪ ಅಕ್ಷರ ಬಳಸಿದೆ. ಸೀಮೆಎಣ್ಣೆ ಬೇಡ. ನಮ್ಮ ಊರುಗಳಲ್ಲಿ ಬಚ್ಚಲಿನಲ್ಲೇ ಹಂಡೆ ಒಲೆ ಉರಿಯುತ್ತಿರುತ್ತದೆ. ಸೀಮೆಎಣ್ಣೆ ಹಚ್ಚಿದ ತಲೆಯನ್ನು ತೊಳೆಯಲು ಮಗು ಹೋಗಿ ಕೂರುವುದು ಅದರ ಎದುರಿಗೇ. ಬೆಳೆಗೆ ಹೊಡೆಯುವ ಪುಡಿ, ಔಷಧಿ ಬೇಡವೇ ಬೇಡ. ಸೀತಾಫಲದ ಬೀಜ ಅರೆದು ಹಚ್ಚುವ ಪದ್ಧತಿಯೂ ಹಲವು ಕಡೆ ಇದೆ. ಅದು ಕಣ್ಣಿಗೆ ಇಳಿದರೆ ಕಣ್ಣಿನ ಕರಿಗುಡ್ಡೆಗೇ ಗಾಯವಾಗುತ್ತದೆ.

ತಲೆ ಬೋಳಿಸುವ ಬಗ್ಗೆ ಪ್ರಾಮಾಣಿಕವಾಗಿರಬೇಕು. ಕೂದಲಿಲ್ಲದಿದ್ದರೆ ಹೇನಿಲ್ಲ, ಅದು ನಿಜ. ಆದರೆ ಬಾಚಣಿಗೆ ಮತ್ತು ಮದ್ದಿನಿಂದ ಆಗುವ ಕೆಲಸಕ್ಕೆ ಹತ್ತು ವರ್ಷದ ಹುಡುಗಿಯ ತಲೆ ಬೋಳಿಸುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ದೇವರಿಗೆ ಮುಡಿ ಕೊಟ್ಟು ಬಂದ ಮಗು ತರಗತಿಯಲ್ಲಿ ಹೆಮ್ಮೆಯಿಂದ ಪ್ರಸಾದ ಹಂಚುತ್ತದೆ. ಹೇನಿಗಾಗಿ ಬೋಳಿಸಿಕೊಂಡ ಮಗು ಟೋಪಿಯೊಳಗೆ ಕೂತಿರುತ್ತದೆ.

ಜಗಲಿಯ ಮೇಲೆ

ಮುಂದಿನದನ್ನು ಮನೆಯವರ ಒಪ್ಪಿಗೆಯಿಂದ ಬರೆಯುತ್ತಿದ್ದೇನೆ. ಬುಧವಾರ ಸಂಜೆ ಬೆಳಕಿರುವಾಗಲೇ ಆ ಮನೆಯ ಎಂಟೂ ಜನರ ತಲೆ ನೋಡಿದರು. ಹುಡುಗಿಯ ತಲೆಯಲ್ಲಿ ಎರಡು ಹೇನು ಸಿಕ್ಕವು. ತಮ್ಮನಿಗೆ, ಕೂಸಿಗೆ, ದೊಡ್ಡವರಿಗೆ ಏನೂ ಇಲ್ಲ. ಕೊನೆಗೆ ಉಳಿದವರು ಅಜ್ಜಿ. ಆ ಮನೆಯಲ್ಲಿ ಎಲ್ಲರ ತಲೆಯನ್ನೂ ನೋಡುತ್ತಿದ್ದವರು ಅವರೇ. ಕಣ್ಣು ಮಂಜಾದ ಮೇಲೆ ನೋಡುವುದನ್ನು ಬಿಟ್ಟಿದ್ದರು. ಅವರ ತಲೆಯನ್ನು ನೋಡುವವರು ಮೊದಲೂ ಇರಲಿಲ್ಲ. ಬಿಳಿ ಕೂದಲಲ್ಲಿ ಬಿಳಿ ಸೀರು ಕಣ್ಣಿಗೆ ಕಾಣುವುದಿಲ್ಲ. ಮೊಮ್ಮಗಳು ಬೆರಳಲ್ಲಿ ಎಳೆದು, ‘ಅಮ್ಮಾ, ಗಸಗಸೆ’ ಎಂದಳಂತೆ.

ಆಮೇಲೆ ಅವಳು ಜಾಮಿಟ್ರಿ ಪೆಟ್ಟಿಗೆಯಿಂದ ಅಳತೆಪಟ್ಟಿ ತಂದಿದ್ದಾಳೆ. ಬುಡದಿಂದ ಸುಮಾರು 3 ಸೆಂ.ಮೀ. ದೂರದಲ್ಲಿ ಸೀರು. ತಿಂಗಳಿಗೆ 1 ಸೆಂ.ಮೀ. ಲೆಕ್ಕದಲ್ಲಿ ಅವು ಸುಮಾರು ಮೂರು ತಿಂಗಳು ಹಳೆಯವು. ಗೃಹಪ್ರವೇಶ ಆಗಿ ಮೂರು ತಿಂಗಳಲ್ಲ, ನಾಲ್ಕು ದಿನ. ಈ ಹುಡುಗಿ ದಿನವೂ ಮಲಗುವುದು ಅಜ್ಜಿಯ ಪಕ್ಕದಲ್ಲಿ. ಹೇನು ಯಾವ ಮನೆಯಿಂದ ಯಾವ ಮನೆಗೆ ಹೋಯಿತು ಎಂಬುದನ್ನು ಇಷ್ಟರಿಂದ ಖಚಿತವಾಗಿ ಹೇಳಲಾಗದು. ಅಕ್ಕನ ಮನೆಯಿಂದ ಬಂತು ಎಂದು ಮಾತ್ರ ಇನ್ನು ಹೇಳುವಂತಿರಲಿಲ್ಲ. ತಾಯಿ ಅಂದೇ ರಾತ್ರಿ ಅಕ್ಕನಿಗೆ ಫೋನು ಮಾಡಿದರು.

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿ ಅಜ್ಜಿ, ಮೊಮ್ಮಗಳಿಬ್ಬರಿಗೂ ಮದ್ದು ಹಚ್ಚಿದರು. 9ನೆಯ ದಿನಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಗಿಯೇ ಸುತ್ತು ಹಾಕಿದ್ದಾಳೆ. ಬೋಳಿಸುವ ಮಾತು ಮತ್ತೆ ಬರಲಿಲ್ಲ. ಬಂದಿದ್ದರೆ ಅಜ್ಜಿಯದನ್ನೂ ಬೋಳಿಸಬೇಕಾಗುತ್ತಿತ್ತು. ಈ ಲೇಖನಕ್ಕಾಗಿ ಅನುಮತಿ ಕೇಳಲು ಹೋದಾಗ ಅಜ್ಜಿ ನಕ್ಕರು. ‘ಬರ್ಕೊ ಮಗಾ. ಇಷ್ಟು ವರ್ಸ ಎಷ್ಟೋ ಜನಕ್ಕೆ ಅನ್ನ ಹಾಕೀನಿ, ಅವಕ್ಕೂ ಒಂದಿಷ್ಟು ಹಾಕ್ದೆ ಅಂತ ಬರಿ.’

ಶಾಲೆಯ ಕಡೆಯ ಮಾತು

ಕೆಲವು ಶಾಲೆಗಳಲ್ಲಿ ಶನಿವಾರ ಬೆಳಿಗ್ಗೆ ಹೆಣ್ಣುಮಕ್ಕಳನ್ನು ಸಾಲಾಗಿ ನಿಲ್ಲಿಸಿ ತಲೆ ನೋಡುವ ರೂಢಿ ಇದೆ. ನನ್ನ ಮಾರ್ಗದರ್ಶಕ ಶಿಕ್ಷಕಿ ಇದರ ಪರವಾಗಿದ್ದರು. ಮನೆಯಲ್ಲಿ ನೋಡುವವರಿಲ್ಲದ ಮಕ್ಕಳಿಗೆ ಶಾಲೆಯಾದರೂ ನೋಡಬೇಕಲ್ಲವೆ ಎಂಬುದು ಅವರ ವಾದ. ಅದರಲ್ಲಿ ತೂಕವಿದೆ, ಆ ಅಜ್ಜಿಯ ಸಂಗತಿಯೂ ಅದನ್ನೇ ಹೇಳುತ್ತದೆ. ಆದರೂ ಎಲ್ಲರೆದುರು ನೋಡುವುದನ್ನು ನಾನು ಒಪ್ಪಲಾರೆ. ಸಾಲಿನಿಂದ ಆಚೆ ನಿಲ್ಲಿಸಿದ ಮಗುವಿನ ಬೆಂಚಿನಲ್ಲಿ ಮರುದಿನ ಯಾರೂ ಕೂರುವುದಿಲ್ಲ. ಮಂಗಳವಾರವೇ ನಮ್ಮ ವಿದ್ಯಾರ್ಥಿನಿಯ ಪಕ್ಕದ ಇಬ್ಬರು ಚೀಲ ಸರಿಸಿಕೊಂಡಿದ್ದರು. ಬುಧವಾರದ ಪಾಠದ ನಂತರ, ಹೇನು ಚೀಲದಿಂದ ಚೀಲಕ್ಕೆ ನಡೆಯುವುದಿಲ್ಲ ಎಂದು ತಾವೇ ಹೇಳಿ ಹಿಂದಕ್ಕೆ ಸರಿಸಿದರು. ನೋಡಲೇಬೇಕಾದರೆ ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ, ಗಂಡುಮಕ್ಕಳನ್ನೂ ಸೇರಿಸಿ, ಕಂಡದ್ದನ್ನು ಮನೆಯವರಿಗೆ ಮಾತ್ರ ಹೇಳುವುದು ಎಂಬಲ್ಲಿಗೆ ನಮ್ಮಿಬ್ಬರ ಚರ್ಚೆ ನಿಂತಿದೆ.

ಮೌಲ್ಯಮಾಪನ ಮತ್ತು ಉಪಕರಣ

‘ಹೇನು ಬರದಂತೆ ತಡೆಯುವುದು ಹೇಗೆ?’ ಎಂದು ಕೇಳಿದರೆ ‘ದಿನಾ ಸ್ನಾನ ಮಾಡಬೇಕು’ ಎಂಬ ಉತ್ತರ ತಾನಾಗಿ ಬರುತ್ತದೆ, ಪಾಠ ಏನೇ ಮಾಡಿರಲಿ. ಆ ಪ್ರಶ್ನೆ ಕೈಬಿಟ್ಟು ಸನ್ನಿವೇಶ ಕೊಟ್ಟೆ: ‘ಶನಿವಾರ ನೀನು, ನಿನ್ನ ದೊಡ್ಡಮ್ಮನ ಮಗಳು ಒಂದೇ ಚಾಪೆಯ ಮೇಲೆ ಮಲಗಿದ್ದಿರಿ. ಸೋಮವಾರ ಅವಳ ತಲೆಯಲ್ಲಿ ಹೇನು ಕಂಡಿತು. ನಿನಗೆ ತುರಿಕೆ ಇಲ್ಲ. ಇವತ್ತು ಏನು ಮಾಡುತ್ತೀಯ? ಇನ್ನು ಒಂದು ವಾರದ ಮೇಲೆ ಏನು ಮಾಡುತ್ತೀಯ?’ ಉತ್ತರಗಳಲ್ಲಿ ನಾನು ಮೊದಲು ಹುಡುಕಿದ್ದು ‘ನೋಡುತ್ತೇನೆ’ ಅಥವಾ ‘ಅಮ್ಮನಿಗೆ ಹೇಳುತ್ತೇನೆ’ ಎಂಬ ಮಾತು. ಮದ್ದಿನ ಹೆಸರು ನೆನಪಿರದಿದ್ದರೆ ಅಂಕ ಕಳೆಯಲಿಲ್ಲ.

ಈ ಪಾಠ ತೆಗೆದುಕೊಳ್ಳುವವರಿಗೆ ಒಂದೆರಡು ಸೂಚನೆ. ದಾರ ಕಪ್ಪಾಗಿರಲಿ, ನೈಲಾನ್ ಬೇಡ. ನೈಲಾನಿಗೆ ಅಂಟಿಸಿದ ಕಾಳು ಎಳೆದಾಗ ಜಾರುತ್ತದೆ, ಪಾಠ ತಿರುವುಮುರುವಾಗುತ್ತದೆ. ಗೋಂದು ಒಣಗಲು ಒಂದು ರಾತ್ರಿ ಬೇಕು. ಕಾಳನ್ನು ದಾರದ ಒಂದು ತುದಿಗೆ ಹತ್ತಿರ ಅಂಟಿಸಿ, ಆ ತುದಿಗೆ ಕೆಂಪು ಗಂಟು ಹಾಕಿ ಅದನ್ನು ತಲೆಯ ಚರ್ಮ ಎನ್ನಿ; ಕೆಲವು ಕಾಳು 3 ಸೆಂ.ಮೀ. ದೂರದಲ್ಲೂ ಇರಲಿ, ಅಳೆಯಲು ಬೇಕಾಗುತ್ತದೆ. ಪಾಠಕ್ಕೆ ಎರಡು ಅವಧಿ ಕೇಳಿಕೊಳ್ಳಿ, ಎರಡನೆಯದನ್ನು ಮೊದಲನೆಯದರಿಂದ 9ನೆಯ ದಿನಕ್ಕೆ ಇಡಿ.